ಅಶ್ವವಿದ್ಯೆಯ ಮುಂದಿನ ಪಾಠ ಎಲ್ಲಿ?

ಶಿವಮೊಗ್ಗದಿಂದಲೂ ಭದ್ರಾವತಿಯಿಂದಲೂ ಪ್ರತಿವರ್ಷ ಎಷ್ಟೋ ಮಂದಿ ತರುಣ ತರುಣಿಯರು ಓದಿಗೆಂದೋ ಉದ್ಯೋಗಕ್ಕೆಂದೋ ಬೆಂಗಳೂರಿನ ರೈಲು ಹತ್ತುತ್ತಾರೆ. ಅವರ ಪೆಟ್ಟಿಗೆಯಲ್ಲಿ ಪ್ರಮಾಣಪತ್ರಗಳಿರುತ್ತವೆ, ತಾಯಿ ಕಟ್ಟಿಕೊಟ್ಟ ಚಟ್ನಿಪುಡಿ ಇರುತ್ತದೆ, ವಿಭೂತಿಯ ಗಟ್ಟಿ ಇರುತ್ತದೆ. ಇವುಗಳೊಡನೆ ಊರಿನಲ್ಲಿ ಅರ್ಧ ಕಲಿತ ಒಂದು ವಿದ್ಯೆಯೂ ಯಾರ ಕಣ್ಣಿಗೂ ಕಾಣದಂತೆ ಹೋಗುತ್ತದೆ. ಸಂಗೀತದಲ್ಲಿ ಜೂನಿಯರ್ ಮುಗಿಸಿದವಳು, ತಬಲಾದಲ್ಲಿ ಕೈ ಕೂಡಿದವನು, ಮಲ್ಲಕಂಬ ಏರಿದವನು, ಇವರೆಲ್ಲರೂ ನಗರದಲ್ಲಿ ಮುಂದಿನ ಗುರುವನ್ನು ಅರಸಿ ಕಾಣದೆ ಎರಡು ವರ್ಷಗಳಲ್ಲಿ ಕಲಿತದ್ದನ್ನೂ ಮರೆಯುತ್ತಾರೆ. ಈಚೆಗೆ ನಮ್ಮ ಮುಂದೆ ಬಂದ ಪ್ರಶ್ನೆಯೂ ಈ ಜಾತಿಯದೇ. ವಿದ್ಯೆ ಮಾತ್ರ ಅಪರೂಪದ್ದು, ಕುದುರೆ ಸವಾರಿ.

ಭದ್ರಾವತಿಯ ಆ ಮನೆಯ ಯಜಮಾನರು ಕಾಗದದ ಕಾರ್ಖಾನೆಯಲ್ಲಿ ದುಡಿದವರು. ಕಾರ್ಖಾನೆಯ ಯಂತ್ರಗಳು ನಿಂತ ಮೇಲೆ ಬಂದ ಹಣದಲ್ಲಿ ಮನೆಯ ಸಾಲ ತೀರಿತು, ಹೆಚ್ಚೇನೂ ಉಳಿಯಲಿಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹಿರಿಯ ಮಗಳ ಸಂಬಳವೇ ಈಗ ಮನೆಗೆ ಊರುಗೋಲು. ಆ ಹೆಣ್ಣುಮಗಳು ಊರಿನಲ್ಲಿದ್ದಾಗ, ಪೊಲೀಸ್ ಅಶ್ವದಳದಿಂದ ನಿವೃತ್ತರಾಗಿ ಅಡಕೆ ತೋಟ ನೋಡಿಕೊಂಡಿದ್ದ ಹಿರಿಯರೊಬ್ಬರ ಬಳಿ ನಾಲ್ಕು ವರ್ಷ ಸವಾರಿ ಕಲಿತವಳು. ನಡಿಗೆ, ಕುಕ್ಕುಲೋಟ, ಅದರ ಮುಂದಿನ ಕ್ಯಾಂಟರ್ ಓಟ ಇಷ್ಟೂ ಅವಳ ಕೈವಶವಾಗಿದ್ದವು. “ಇದಕ್ಕಿಂತ ಮುಂದಿನದನ್ನು ಕಲಿಸೋಕೆ ನನ್ನ ಹತ್ತಿರ ಅಂಥ ಕುದುರೆಯೂ ಇಲ್ಲ, ಅಂಥ ಅಂಗಳವೂ ಇಲ್ಲ. ಬೆಂಗಳೂರಲ್ಲಿ ಹುಡುಕ್ಕೋ ತಾಯಿ” ಎಂದು ಗುರುವೇ ಹೇಳಿ ಕಳುಹಿಸಿದರು. ಅಂಥ ಮಾತನ್ನಾಡುವ ಗುರುಗಳು ಎಷ್ಟು ಮಂದಿ ಇದ್ದಾರು!

ಶಿವಮೊಗ್ಗದಲ್ಲಿ ಶಿವಾನುಭವ ಗೋಷ್ಠಿಯೊಂದು ಮುಗಿದ ಮೇಲೆ ತಂದೆತಾಯಿಗಳಿಬ್ಬರೂ ನಮ್ಮನ್ನು ನಿಲ್ಲಿಸಿ ಕೇಳಿದರು. ತಾಯಿಯ ಮಾತು ನೇರವಾಗಿತ್ತು : “ಶಾಸ್ತ್ರಿಗಳೇ, ಬಿದ್ದು ಕೈ ಮುರಿದುಕೊಂಡ್ರೆ ಕೆಲಸ ಹೋಗುತ್ತೆ, ಮನೆ ನಿಲ್ಲುತ್ತೆ. ನಾಳೆ ಗಂಡು ನೋಡೋಕೆ ಬಂದವರಿಗೆ ಏನು ಹೇಳೋಣ? ನೀವೇ ಬುದ್ಧಿ ಹೇಳಿ.” ಬುದ್ಧಿ ಹೇಳುವ ಮೊದಲು ವಿಷಯವನ್ನು ತಿಳಿಯಬೇಕೆಂದು ನಾವು ಕೆಲವು ತಿಂಗಳು ವಿಚಾರಿಸಿದೆವು, ಬಲ್ಲವರನ್ನು ಕಂಡೆವು. ಈ ಬರಹ ಅದರ ಫಲ.

ಕುದುರೆ ನಮ್ಮದಲ್ಲ, ಅದು ಶ್ರೀಮಂತರ ಹವ್ಯಾಸ ಎಂಬ ಮಾತನ್ನು ಮೊದಲು ಕೇಳಿದೆವು. ಬೆಂಗಳೂರಿನ ಬಸವೇಶ್ವರ ವೃತ್ತದಲ್ಲಿ ಅಣ್ಣನವರು ಕುಳಿತಿರುವುದು ಕುದುರೆಯ ಮೇಲೆ. ಅಲ್ಲಮಪ್ರಭುಗಳು ಕುದುರೆ ಜೀನುಗಳನ್ನು ರೂಪಕವಾಗಿಸಿ ಆಡಿದ ವಚನ ನಮ್ಮ ಓದುಗರಿಗೆ ಕಂಠಪಾಠವಾದ್ದರಿಂದ ಇಲ್ಲಿ ಬರೆಯಬೇಕಾಗಿಲ್ಲ. ಶರಣರು ನಡೆದಾಡಿದ ಕಲ್ಯಾಣದಲ್ಲಿ, ಅವರಿಗಿಂತ ಸ್ವಲ್ಪ ಮುಂಚೆ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ವಾಜಿವಾಹ್ಯಾಳಿ ವಿನೋದವೆಂದು ಒಂದು ಪ್ರಕರಣವನ್ನೇ ಬರೆದಿದ್ದಾನೆ. ಎರಡು ಪಕ್ಷಗಳ ಸವಾರರು ಕೋಲಿನಿಂದ ಚೆಂಡನ್ನು ಹೊಡೆಯುವ, ಇಂದಿನ ಪೋಲೋವನ್ನು ಹೋಲುವ ಆಟ ಅದರಲ್ಲಿದೆ. ಕುದುರೆಯನ್ನು ಪಳಗಿಸುವ, ಓಡಿಸುವ ಬಯಲಿಗೆ ವಾಹ್ಯಾಳಿ, ವೈಹಾಳಿ ಎಂದು ನಮ್ಮ ಹಿರಿಯರು ಕರೆದರು. ರೈಡಿಂಗ್ ಅರೀನಾ ಎಂದು ತಿಣುಕುವವರು ಈ ಪದವನ್ನು ಬಳಸಬಹುದು. ನಮ್ಮ ಮಲೆನಾಡಿನವನೇ ಆದ ಕೆಳದಿಯ ಬಸವಪ್ಪನಾಯಕನು 1709ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ ವೀರಶೈವ ಅರಸನ ವಿಶ್ವಕೋಶ. ಅದರಲ್ಲಿಯೂ ಆನೆ ಕುದುರೆಗಳ ವಿಚಾರಕ್ಕೆ ಸ್ಥಾನವುಂಟು. ಅವನಿಗಿಂತ ಮುಂಚೆ ರಾಜ್ಯವಾಳಿದ ಚೆನ್ನಮ್ಮಾಜಿ ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದವಳು. ಆ ಕಾಲದಲ್ಲಿ ಕುದುರೆಯಿಲ್ಲದೆ ಯುದ್ಧವಿರಲಿಲ್ಲ.

ಆದರೂ ಒಂದನ್ನು ಒಪ್ಪಬೇಕು. ಮಲೆನಾಡು ಕುದುರೆಯ ನೆಲವಲ್ಲ. ಅರಬ್ಬಿ ನಾಡುಗಳಿಂದ ಹಡಗಿನಲ್ಲಿ ಬಂದ ಕುದುರೆಗಳು ಭಟ್ಕಳದಂಥ ಬಂದರುಗಳಲ್ಲಿ ಇಳಿದು ಘಟ್ಟ ಹತ್ತಿ ವಿಜಯನಗರದ ಕಡೆಗೆ ಹೋಗುತ್ತಿದ್ದುವೇ ಹೊರತು ಇಲ್ಲಿ ಹುಟ್ಟಿ ಹೆಚ್ಚಿದ್ದು ಕಡಮೆ. ತಿಂಗಳುಗಟ್ಟಲೆ ತೇವವಿದ್ದರೆ ಗೊರಸಿನ ಅಡಿ ಕೊಳೆಯುತ್ತದೆ. ಆದ್ದರಿಂದ ಶಿವಮೊಗ್ಗ ಭದ್ರಾವತಿಗಳಲ್ಲಿ ಉನ್ನತ ಶಿಕ್ಷಣದ ಅಶ್ವಶಾಲೆಯನ್ನು ಬಯಸಿದರೆ ಸಿಗಲಾರದು. ಮುಂದಿನ ಪಾಠ ಬೇಕೆನ್ನುವವರು ಹೊರಗೆ ಹೋಗಲೇಬೇಕು.

ಹಾಗಾದರೆ ಮುಂದಿನ ಪಾಠವೆಂದರೆ ಏನು? ಇಲ್ಲಿಯೇ ಬಹುಮಂದಿ ದಾರಿ ತಪ್ಪುವುದು. ನಾಗಾಲೋಟದಲ್ಲಿ ಓಡಿಸುವುದು, ಎತ್ತರದ ಅಡ್ಡಗಂಬ ಹಾರಿಸುವುದು, ಇದೇ ಮುಂದಿನದೆಂದು ಹುಡುಗರು ತಿಳಿದಿದ್ದಾರೆ. (ನಾಗಾಲೋಟದಲ್ಲಿ ನಾಗರಹಾವು ಇಲ್ಲ, ನಾಲ್ಕು ಕಾಲಿನ ಓಟವೇ ನಾಗಾಲೋಟ.) ಸಂಸ್ಕೃತ ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಕುದುರೆಯ ಪಂಚಧಾರೆಗಳು ನೆನಪಿರುತ್ತವೆ. ಧೌರಿತಕ, ವಲ್ಗಿತ, ಪ್ಲುತ ಮೊದಲಾಗಿ ಐದು ನಡೆಗಳು. ನಡೆಗಳಿಗೆ ಇಷ್ಟೊಂದು ಹೆಸರಿಟ್ಟವರು ವೇಗವನ್ನು ಮಾತ್ರ ನೋಡುತ್ತಿರಲಿಲ್ಲ. ಒಂದು ನಡೆಯಿಂದ ಇನ್ನೊಂದಕ್ಕೆ ಕುದುರೆ ಹೇಗೆ ದಾಟುತ್ತದೆಂಬುದನ್ನು ನೋಡುತ್ತಿದ್ದರು. ಇಂದಿನ ಡ್ರೆಸಾಜ್ ಎಂಬ ವಿದ್ಯೆಯ ತಿರುಳೂ ಇದೇ. ಅರವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಸಮತಟ್ಟಾದ ಅಂಗಳದಲ್ಲಿ ಕುದುರೆ ವೃತ್ತ ಸುತ್ತಬೇಕು, ಓರೆಯಾಗಿ ಹೆಜ್ಜೆ ಇಡಬೇಕು, ನಾಲ್ಕು ಕಾಲನ್ನೂ ಸಮನಾಗಿ ಊರಿ ನಿಲ್ಲಬೇಕು. ಸವಾರನು ಏನನ್ನು ಹೇಳಿದನೆಂದು ನೋಡುವವರಿಗೆ ತಿಳಿಯಬಾರದು. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ, 1982ರ ದೆಹಲಿ ಕೂಟದ ನಂತರ ಮೊದಲ ಬಾರಿಗೆ, ಭಾರತಕ್ಕೆ ಅಶ್ವಕ್ರೀಡೆಯ ಚಿನ್ನ ಬಂದದ್ದು ಈ ನಿಧಾನದ ವಿದ್ಯೆಯಲ್ಲಿ.

ವಿಯೆನ್ನಾದಲ್ಲಿ ನಾಲ್ಕೂವರೆ ಶತಮಾನಗಳಷ್ಟು ಹಳೆಯದಾದ ಸ್ಪ್ಯಾನಿಷ್ ಅಶ್ವಶಾಲೆಯಿದೆ. ಅಲ್ಲಿ ಸೇರಿದ ಶಿಷ್ಯನಿಗೆ ಮೊದಲು ಲಗಾಮು ಕೊಡುವುದಿಲ್ಲ, ರಿಕಾಪನ್ನೂ ಕೊಡುವುದಿಲ್ಲ. ಗುರುವು ಉದ್ದದ ಹಗ್ಗದಲ್ಲಿ ಕುದುರೆಯನ್ನು ಸುತ್ತ ನಡೆಸುತ್ತಾನೆ. ಶಿಷ್ಯನು ಬರಿದೆ ಕುಳಿತುಕೊಳ್ಳುವುದನ್ನು ಕಲಿಯುತ್ತಾನೆ. ಆಸನ ಸ್ಥಿರವಾಗುವವರೆಗೆ ಇದು ತಿಂಗಳುಗಟ್ಟಲೆ ನಡೆಯುತ್ತದೆ. ಕಾರಣ ಸುಲಭ. ಕುಳಿತವನ ಮೈ ತೂಗಾಡಿದರೆ ಅವನು ಸಮತೋಲಕ್ಕಾಗಿ ಲಗಾಮನ್ನು ಜಗ್ಗುತ್ತಾನೆ, ಕಡಿವಾಣವು ಕುದುರೆಯ ಬಾಯನ್ನು ಒತ್ತುತ್ತದೆ, ನೊಂದ ಕುದುರೆ ತಲೆ ಎತ್ತಿ ಬೆನ್ನನ್ನು ಬಿಗಿಯುತ್ತದೆ. ಅಲ್ಲಿಂದ ಮುಂದೆ ಯಾವ ವಿದ್ಯೆಯೂ ಏರುವುದಿಲ್ಲ.

ಭದ್ರಾವತಿಯ ಹೆಣ್ಣುಮಗಳು ನಗರದ ಹೊರವಲಯದಲ್ಲಿ ಎರಡು ಕಡೆ ಪರೀಕ್ಷೆಗೆ ಹೋದಳು. ಹೆಸರುಗಳು ಬೇಡ. ಮೊದಲ ಕಡೆ ಹತ್ತು ನಿಮಿಷದಲ್ಲೇ ಓಡಲು ಬಿಟ್ಟರು, ಭೇಷ್ ಎಂದರು, ಮುಂದಿನ ವಾರವೇ ಹಾರಿಸುತ್ತೇವೆಂದರು, ವರ್ಷದ ಹಣವನ್ನು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂದರು. ಎರಡನೆಯ ಕಡೆ ಗುರುಗಳು ಒಂದು ಸುತ್ತು ನೋಡಿ ರಿಕಾಪುಗಳನ್ನು ಕಳಚಿಸಿದರು. ಮುಕ್ಕಾಲು ಗಂಟೆ ಬರೀ ನಡಿಗೆ. ನಡುನಡುವೆ “ಕೈ ಬಿಡಮ್ಮ, ಕೈ ಬಿಡು” ಎಂಬ ಒಂದೇ ಮಾತು. ನಾಲ್ಕು ವರ್ಷ ಕಲಿತವಳಿಗೆ ಅಕ್ಷರಾಭ್ಯಾಸ ಮಾಡಿಸಿದಂತಾಗಿ ಅವಳು ಮನೆಗೆ ಫೋನ್ ಮಾಡಿ ಅತ್ತಳಂತೆ. ಇದೇ ಸಮಯವೆಂದು ತಾಯಿ “ಬಿಟ್ಟುಬಿಡು” ಎಂದರು. ನಾವು ಹೇಳಿದ್ದು ಇಷ್ಟೇ : ಬಿಡುವುದಾದರೆ ಮೊದಲನೆಯದನ್ನು ಬಿಡಲಿ. ಬಂದವಳ ವಿದ್ಯೆಯನ್ನು ಅಳೆಯದೆ ಹೊಗಳುವವನು ಅವಳನ್ನು ಕೆಡವುತ್ತಾನೆ. ಇಲ್ಲಿ ಕೆಡವುವುದೆಂದರೆ ನಿಜವಾಗಿಯೇ ನೆಲಕ್ಕೆ.

ಬೆಂಗಳೂರಿನಲ್ಲಿ ಅವಕಾಶಗಳಿಗೆ ಕೊರತೆಯಿಲ್ಲ, ದೂರ ಮಾತ್ರ ಬಹಳ. ಅಶ್ವಶಾಲೆಗೆ ವಿಸ್ತಾರವಾದ ಜಾಗ ಬೇಕಾದ್ದರಿಂದ ಅವು ನಗರದ ಅಂಚಿಗೆ ಸರಿದಿವೆ. ಉತ್ತರದ ಅಂಚಿನಲ್ಲಿ 1990ರ ದಶಕದಲ್ಲಿ ಆರಂಭವಾದ ಎಂಬೆಸಿ ಇಂಟರ್‌ನ್ಯಾಷನಲ್ ರೈಡಿಂಗ್ ಸ್ಕೂಲ್ ಬಹಳ ಹೆಸರಾದದ್ದು. ಬೆಂಗಳೂರಿನ ಫವಾದ್ ಮಿರ್ಜಾ ಬೆಳೆದದ್ದು ಈ ಶಾಲೆಯ ಆಶ್ರಯದಲ್ಲಿ. 2018ರ ಜಕಾರ್ತಾ ಏಷ್ಯನ್ ಕೂಟದಲ್ಲಿ ಅವರು ವೈಯಕ್ತಿಕವಾಗಿಯೂ ತಂಡದೊಡನೆಯೂ ಬೆಳ್ಳಿ ಪದಕ ಪಡೆದರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅಂತಿಮ ಸುತ್ತನ್ನು ಮುಟ್ಟಿ ಇಪ್ಪತ್ತಮೂರನೆಯವರಾದರು. ಅಷ್ಟು ಬಲ್ಲವರೂ ಜರ್ಮನಿಗೆ ಹೋಗಿ ಅಲ್ಲಿನ ಗುರುವಿನ ಬಳಿ ಮತ್ತೆ ಶಿಷ್ಯರಾಗಿ ಕುಳಿತರೆಂಬುದನ್ನು ನಮ್ಮ ಹುಡುಗರು ಗಮನಿಸಬೇಕು. ಮೈಸೂರಿನಲ್ಲಿ ರಾಜ್ಯ ಪೊಲೀಸಿನ ಅಶ್ವದಳವಿದೆ. ದಸರೆಯ ಜಂಬೂಸವಾರಿಯಲ್ಲಿ ನಾವೆಲ್ಲ ಕಾಣುವುದು ಅದನ್ನೇ. ಬೇಸಿಗೆಯ ರಜೆಯಲ್ಲಿ ಅಲ್ಲಿ ಸಾರ್ವಜನಿಕರ ಮಕ್ಕಳಿಗೂ ಸವಾರಿ ಕಲಿಸಿದ್ದುಂಟು. ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ದಳದವರು 1918ರ ಸೆಪ್ಟೆಂಬರ್ 23ರಂದು ದೂರದ ಹೈಫಾ ನಗರವನ್ನು ಗೆದ್ದುಕೊಂಡ ಅಶ್ವಸೈನ್ಯದಲ್ಲಿದ್ದರು. ಆ ನೆಲದಲ್ಲಿ ಕುದುರೆಯ ವಿದ್ಯೆ ಇನ್ನೂ ಉಸಿರಾಡುತ್ತಿರುವುದು ಸಂತೋಷದ ಸಂಗತಿ.

ಶಾಲೆಯನ್ನು ಆರಿಸುವಾಗ ಕಟ್ಟಡವನ್ನು ನೋಡಬೇಡಿ, ಕುದುರೆಯನ್ನು ನೋಡಿ. ಇದು ನಮಗೆ ತೋಟದ ಆ ಹಿರಿಯರು ಹೇಳಿಕೊಟ್ಟ ಪಾಠ. ಅವರ ಮಾತಿನ ಸಾರವನ್ನು ಇಲ್ಲಿ ವಿಸ್ತಾರವಾಗಿಯೇ ಕೊಡುತ್ತೇವೆ. ಜೀನು ಇಳಿಸಿದ ಮೇಲೆ ಕತ್ತಿನ ಬುಡದಲ್ಲಿ, ಬೆನ್ನು ಎತ್ತರವಾಗುವ ಎಡೆಯಲ್ಲಿ, ಬಿಳಿಯ ಕೂದಲಿನ ಮಚ್ಚೆಗಳಿವೆಯೇ? ಹುಟ್ಟಿನಿಂದ ಬಂದದ್ದಲ್ಲದಿದ್ದರೆ ಅದು ಹೊಂದದ ಜೀನು ಒತ್ತಿ ಆದ ಹಳೆಯ ಗಾಯದ ಗುರುತು. ಬಾಯಿಯ ಎರಡು ಮೂಲೆಗಳಲ್ಲಿ ಕಡಿವಾಣದ ಗಾಯವಿದೆಯೇ? ಜೀನನ್ನು ತಂದೊಡನೆ ಕುದುರೆ ಕಿವಿಯನ್ನು ಹಿಂದಕ್ಕೆ ಒತ್ತಿ ಹಲ್ಲು ತೋರಿಸುತ್ತದೆಯೇ? ಅದು ದುಷ್ಟ ಕುದುರೆಯಾಗಿರಬೇಕಾಗಿಲ್ಲ, ನೊಂದ ಕುದುರೆಯಾಗಿರಬಹುದು. ಲಾಯದ ನೆಲ ಒಣಗಿದೆಯೇ, ಮುಂದೆ ನೀರಿದೆಯೇ, ಹುಲ್ಲಿದೆಯೇ? ಕುದುರೆಯ ಹೊಟ್ಟೆ ಅದರ ಮೈಗೆ ಹೋಲಿಸಿದರೆ ಚಿಕ್ಕದು. ಅದು ಸ್ವಲ್ಪ ಸ್ವಲ್ಪವಾಗಿ ದಿನವಿಡೀ ಮೇಯಬೇಕಾದ ಪ್ರಾಣಿ. ತಿಂದದ್ದನ್ನು ವಾಂತಿ ಮಾಡುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ಹೊಟ್ಟೆನೋವು ಅದಕ್ಕೆ ಸಾವನ್ನೇ ತರಬಹುದು. ಹುರುಳಿಯನ್ನು ಎರಡು ಹೊತ್ತು ತುಂಬಿಸಿ ಉಳಿದ ಹೊತ್ತು ಬರಿಗೋದಲಿಯ ಮುಂದೆ ನಿಲ್ಲಿಸುವವರು ಎಷ್ಟೇ ಪದಕ ಗೆದ್ದಿರಲಿ, ಅಲ್ಲಿ ಕಲಿಯಬೇಡಿ. ಗೊರಸನ್ನು ಕತ್ತರಿಸಿ ಲಾಳ ಕಟ್ಟುವವನು ಆರು ವಾರಕ್ಕೊಮ್ಮೆಯಾದರೂ ಬರುತ್ತಾನೆಯೇ ಎಂದು ಕೇಳಿ. ಒಂದು ಕುದುರೆಯ ಮೇಲೆ ದಿನಕ್ಕೆ ಎಷ್ಟು ಮಂದಿ ಕೂರುತ್ತಾರೆಂದು ಕೇಳಿ. ಗುರುವನ್ನು ಕೇಳಿದರೆ ಒಂದು ಲೆಕ್ಕ ಬರುತ್ತದೆ, ಲಾಯದ ಆಳನ್ನು ಕೇಳಿದರೆ ಇನ್ನೊಂದು ಬರುತ್ತದೆ. ಎರಡನೆಯದನ್ನು ನಂಬಿ.

ಇನ್ನೊಂದು ವಿಷಯ ಮುಂದುವರಿದ ಕಲಿಕೆಯವರಿಗೆ ಮಾತ್ರ ಸಂಬಂಧಿಸಿದ್ದು. ಮೊದಲ ಹಂತದಲ್ಲಿ ಮನುಷ್ಯ ಗುರು ಕಲಿಸುತ್ತಾನೆ. ಮುಂದಿನ ಹಂತದಲ್ಲಿ ಕಲಿಸುವುದು ಬಹುಮಟ್ಟಿಗೆ ಕುದುರೆ. ವಿದ್ಯೆಯನ್ನು ಪೂರ್ತಿ ಬಲ್ಲ ಹಳೆಯ ಕುದುರೆಯೊಂದು, ನೀವು ಸರಿಯಾಗಿ ಕೇಳಿದಾಗ ಮಾತ್ರ ಸರಿಯಾಗಿ ಉತ್ತರಿಸುತ್ತದೆ. ತೊಡೆಯನ್ನು ತಪ್ಪಾಗಿ ಒತ್ತಿದರೆ ನಿಂತಲ್ಲೇ ನಿಲ್ಲುತ್ತದೆ. ಅಂಥ ಬಲ್ಲ ಕುದುರೆ ಶಾಲೆಯಲ್ಲಿ ಇದೆಯೇ, ಹೊರಗಿನಿಂದ ಬಂದ ಶಿಷ್ಯೆಗೆ ಅದನ್ನು ಕೊಡುತ್ತಾರೆಯೇ ಎಂಬುದೇ ಮುಖ್ಯ ಪ್ರಶ್ನೆ. ಹೊಸಬರನ್ನು ಹೊತ್ತು ಹೊತ್ತು ಮೈ ಮರಗಟ್ಟಿದ ಕುದುರೆಯ ಮೇಲೆ ಹತ್ತು ವರ್ಷ ಕುಳಿತರೂ ಮುಂದಿನ ಪಾಠ ದೊರೆಯದು.

ಬೀಳುವ ಭಯವನ್ನು ಹುಸಿಯೆಂದು ನಾವು ಹೇಳುವುದಿಲ್ಲ. ಸವಾರಿ ಮಾಡುವವರು ಬೀಳುತ್ತಾರೆ. ಗದ್ದದ ಪಟ್ಟಿಯಿರುವ, ಸವಾರಿಗೆಂದೇ ಮಾಡಿದ ಶಿರಸ್ತ್ರಾಣ ಬೇಕು. ಸೈಕಲ್ಲಿನದೋ ಕ್ರಿಕೆಟ್ಟಿನದೋ ಆಗದು. ಹಿಮ್ಮಡಿಯಿರುವ ಬೂಟು ಬೇಕು, ಇಲ್ಲವಾದರೆ ಪಾದವು ರಿಕಾಪಿನೊಳಗೆ ನುಗ್ಗಿ ಸಿಕ್ಕಿಕೊಂಡು, ಬಿದ್ದವರನ್ನು ಕುದುರೆ ಎಳೆದೊಯ್ಯುತ್ತದೆ. ಹಾರಿಸುವ ಪಾಠಕ್ಕೆ ಎದೆಬೆನ್ನುಗಳ ಕವಚವೂ ಬೇಕು. ಅಪಘಾತ ವಿಮೆಯನ್ನು ಮಾಡಿಸಿ, ಅದು ಕುದುರೆ ಸವಾರಿಯನ್ನು ಹೊರತುಪಡಿಸಿಲ್ಲವೆಂದು ಓದಿ ನೋಡಿದ ಮೇಲೆಯೇ ಮೊದಲ ಪಾಠಕ್ಕೆ ಹೋಗಲಿ ಎಂದು ಆ ಮನೆಯವರಿಗೆ ಹೇಳಿದೆವು.

ನಮ್ಮ ಸಮಾಜದವರಿಗೆ ಮಾತ್ರ ಬರುವ ಪ್ರಶ್ನೆಯೂ ಒಂದಿದೆ. ಕೊರಳಲ್ಲಿ ಸರ, ಪದಕ ಯಾವುದೂ ಇರಕೂಡದೆಂದು ಸವಾರಿಯ ಗುರುಗಳು ಹೇಳುತ್ತಾರೆ. ಅದು ನ್ಯಾಯವಾದ ಮಾತೇ. ಆದರೆ ಇಷ್ಟಲಿಂಗವನ್ನು ಮೈಯಿಂದ ಬೇರ್ಪಡಿಸಲಾಗದು. ತೂಗಾಡುವ ಬೆಳ್ಳಿಯ ಕರಡಿಗೆಯು ಬಿದ್ದಾಗ ಎದೆಯ ಮೂಳೆಗೆ ತಾಗುವ ಸಂಭವವಿರುವುದರಿಂದ, ಸವಾರಿಯ ದಿನ ಲಿಂಗವನ್ನು ಮಡಿವಸ್ತ್ರದಲ್ಲಿ ಸುತ್ತಿ, ಓಲಾಡದಂತೆ ಮೈಗೆ ಬಿಗಿಯಾಗಿ ಕಟ್ಟಿಕೊಂಡು, ಅದರ ಮೇಲೆ ಅಂಗಿಯನ್ನೂ ಕವಚವನ್ನೂ ಧರಿಸುವುದು ಯೋಗ್ಯವೆಂದು ನಮ್ಮ ಅಭಿಪ್ರಾಯ. ಕರಡಿಗೆ ಬೆಳ್ಳಿಯದಾಗಿರಲೇಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಗುರುಗಳಿಗೆ ಮೊದಲೇ ವಿಷಯ ತಿಳಿಸಿದರೆ ಯಾರೂ ಆಕ್ಷೇಪಿಸುವುದಿಲ್ಲ. ಮುಚ್ಚಿಡುವುದು ಬೇಡ.

ಹೆಣ್ಣುಮಗಳಿಗೇಕೆ ಎಂಬ ಪ್ರಶ್ನೆಗೆ ಉತ್ತರಿಸಲು ನಮಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಲಿಂಪಿಕ್ಸ್‌ನ ಅಶ್ವಕ್ರೀಡೆಯಲ್ಲಿ ಹೆಣ್ಣು ಗಂಡುಗಳಿಗೆ ಬೇರೆ ಬೇರೆ ಸ್ಪರ್ಧೆಯಿಲ್ಲ. ಒಂದೇ ಅಂಗಳ, ಒಂದೇ ಅಂಕ. ಹೆಣ್ಣುಮಕ್ಕಳಿಗೆ ಮೊದಲು ಬಾಗಿಲು ತೆರೆದ 1952ರಲ್ಲಿಯೇ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಬೆಳ್ಳಿ ಗೆದ್ದಳು. ಪೋಲಿಯೋದಿಂದ ಅವಳ ಮೊಣಕಾಲಿನ ಕೆಳಗೆ ಶಕ್ತಿಯೇ ಇರಲಿಲ್ಲ. ಕುದುರೆ ಏರಲು ಬೇರೆಯವರ ನೆರವು ಬೇಕಾಗಿತ್ತು. ನಾವು ಮೇಲೆ ಹೊಗಳಿದ ವಿಯೆನ್ನಾದ ಶಾಲೆ ಹೆಣ್ಣುಮಕ್ಕಳನ್ನು ಶಿಷ್ಯರನ್ನಾಗಿ ಸೇರಿಸಿಕೊಂಡದ್ದು 2008ರಲ್ಲಿ. ಚೆನ್ನಮ್ಮಾಜಿಯ ಸೀಮೆಯವರು ಅಷ್ಟು ತಡಮಾಡುವುದು ತರವಲ್ಲ.

ಹಣದ ಪ್ರಶ್ನೆ ನಿಜವಾದ ಪ್ರಶ್ನೆ. ಒಬ್ಬರೇ ಕಲಿಯುವ ಪಾಠಕ್ಕೆ ಗುಂಪಿನ ಪಾಠಕ್ಕಿಂತ ಹೆಚ್ಚು ತೆರಬೇಕು. ಮುಂದುವರಿದವರಿಗೆ ಒಬ್ಬರೇ ಕಲಿಯುವುದೇ ಮೇಲು. ಆದ್ದರಿಂದ ವಾರಕ್ಕೆರಡು ಗುಂಪಿನ ಪಾಠಕ್ಕಿಂತ ಹದಿನೈದು ದಿನಕ್ಕೊಂದು ಒಂಟಿ ಪಾಠ ಲೇಸು. ಎಷ್ಟೇ ಆಸೆಯಾದರೂ ಕುದುರೆಯನ್ನು ಕೊಳ್ಳಬಾರದು. ಕೊಳ್ಳುವ ಬೆಲೆ ಒಂದು ಸಲದ್ದು, ಸಾಕುವ ಬೆಲೆ ಪ್ರತಿದಿನದ್ದು. ಪಾಠವಿಲ್ಲದ ಭಾನುವಾರ ಲಾಯದಲ್ಲಿ ಕೆಲಸ ಮಾಡಲು ಬಿಡುತ್ತೀರಾ ಎಂದು ಕೇಳಲು ನಾವು ಆ ಮಗಳಿಗೆ ಹೇಳಿದೆವು. ಮೈ ಉಜ್ಜುವುದು, ಗೊರಸು ಕೆರೆದು ಶುಚಿಮಾಡುವುದು, ಲದ್ದಿ ತೆಗೆಯುವುದು. ಕಾಯಕವೆಂಬ ಮಾತನ್ನು ವೇದಿಕೆಯ ಮೇಲೆ ಆಡುವ ನಾವು ಅದನ್ನು ಲಾಯದಲ್ಲಿ ಆಡಲು ನಾಚಬೇಕೆ? ಕುದುರೆಯ ಆಳುಗಳು ಬಲ್ಲದ್ದು ಬಹಳ. ಅವರನ್ನು ಅಣ್ಣಾ ಎಂದು ಕರೆದು ಕಲಿಯಬೇಕು.

ತಂದೆಯವರು ಒಂದು ಭಾನುವಾರ ಎರಡನೆಯ ಶಾಲೆಗೆ ತಾವೇ ಹೋಗಿಬಂದರು. ಕಾರ್ಖಾನೆಯಲ್ಲಿ ಯಂತ್ರದ ಸದ್ದಿನಿಂದಲೇ ಕೆಟ್ಟ ಬೇರಿಂಗನ್ನು ಗುರುತಿಸುತ್ತಿದ್ದವರು ಅವರು. ಲಾಯದ ಕಡೆಯಿಂದ ಕಡೆಗೆ ನಡೆದು ಪ್ರತಿ ಕುದುರೆಯ ಬೆನ್ನು, ಬಾಯಿ, ಗೊರಸುಗಳನ್ನು ನೋಡಿದರಂತೆ. ತಿಂಗಳಿಗೆ ಎರಡು ಪಾಠ. ತಮ್ಮನ ಕಾಲೇಜಿನ ಶುಲ್ಕ ಕಟ್ಟುವ ತಿಂಗಳು ಪಾಠವಿಲ್ಲ. ಗುರುಗಳು ತಾವಾಗಿ ಹೇಳುವವರೆಗೆ ಹಾರಿಸುವ ಮಾತಿಲ್ಲ ಎಂದು ಮನೆಯಲ್ಲಿ ಒಪ್ಪಂದವಾಗಿದೆ. ತಾಯಿ ಇನ್ನೂ ಪೂರ್ತಿ ಒಪ್ಪಿಲ್ಲ. ಪಾಠದ ದಿನ ಮಗಳು ಬೆಂಗಳೂರಿನ ಕೋಣೆಗೆ ಮರಳಿ ಫೋನ್ ಮಾಡುವವರೆಗೆ ಅವರು ಊಟ ಮಾಡುವುದಿಲ್ಲವೆಂದು ಕೇಳಿದ್ದೇವೆ.

ಶಿವಮೊಗ್ಗದ ಇನ್ನೊಬ್ಬ ಭಕ್ತರು ತಮ್ಮ ಮಗನಿಗಾಗಿ ಇದೇ ಪ್ರಶ್ನೆಯನ್ನು ಕೇಳಿದ್ದಾರೆ. ಅವನು ಈ ವರ್ಷ ಬೆಂಗಳೂರಿನಲ್ಲಿ ಪದವಿಗೆ ಸೇರುವವನು, ಕೈಯಲ್ಲಿ ಹಣವಿಲ್ಲದವನು. ಅಂಥವರಿಗೆ ಎನ್.ಸಿ.ಸಿ.ಯ ರಿಮೌಂಟ್ ಮತ್ತು ವೆಟರ್ನರಿ ವಿಭಾಗವೇ ದಾರಿ. ಅದರ ಘಟಕ ಹೆಬ್ಬಾಳದಲ್ಲಿದೆ. ಅಲ್ಲಿ ಕೆಡೆಟ್ಟುಗಳಿಗೆ ಸವಾರಿಯನ್ನೂ ಕುದುರೆಯ ಆರೈಕೆಯನ್ನೂ ಕಲಿಸುತ್ತಾರೆ. ತಮ್ಮ ಕಾಲೇಜಿನಿಂದ ಅಲ್ಲಿಗೆ ಸೇರಲು ಅವಕಾಶವಿದೆಯೇ ಎಂಬುದನ್ನು ತರಗತಿಗಳು ಆರಂಭವಾದ ಮೊದಲ ವಾರಗಳಲ್ಲಿಯೇ ವಿಚಾರಿಸಿಕೊಳ್ಳಬೇಕು.